ಬಳೆಗಾರ್ತಿ ಅಬೇದಾಬಿಯ ಕಮಿಷನ್

ಗಂಗಾವತಿಯ ಓಣಿಯಲ್ಲಿ ಅಬೇದಾಬಿಯ ದನಿ ಕೇಳಿದರೆ ಹೆಣ್ಣುಮಕ್ಕಳು ಕೈ ತೊಳೆದುಕೊಂಡು ಪಡಸಾಲೆಗೆ ಬರುತ್ತಿದ್ದರು. ಬಿಗಿ ಬಳೆ ಏರಿಸುವಾಗ ಕೈ ನೋಯುತ್ತದೆ. ನೋವು ಮರೆಸಲು ಅವಳು ಅವರನ್ನು ಮಾತಿಗೆಳೆಯುತ್ತಿದ್ದಳು. ಹಾಗೆ ಕೂತಲ್ಲೇ ಯಾರ ಮನೆ ಪಾಲಾಗುತ್ತಿದೆ, ಯಾರು ಪ್ಲಾಟು ಮಾರುತ್ತಾರೆ ಎಂಬುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು.

ಇದನ್ನು ಅರಿತೇ ಮನೆ, ಪ್ಲಾಟು ಮಾರಿಸುವ ಏಜೆಂಟ್ ತಿರುಮಲೇಶ ಅವಳನ್ನು ಹಿಡಿದಿದ್ದ. ಮಾರುವವರ ಸುಳಿವು ಕೊಟ್ಟರೆ, ವ್ಯವಹಾರ ಕುದುರಿದ ಮೇಲೆ ಅವನ ಕಮಿಷನ್ನಿನಲ್ಲಿ ಒಂದು ಪಾಲು ಅವಳಿಗೆ. ಮೊದಲ ಸಲ ಅವಳು, ಬಳೆ ಇಡುವಾಗ ಅವರ ಪಡಸಾಲೆಯಲ್ಲಿ ಕಿವಿಗೆ ಬಿದ್ದ ಮಾತು ಹಿಡಿದು, ಕರಿಬಸಪ್ಪನ ಮನೆಯ ಹೆಸರು ಹೇಳಿದಳು. ಮರುದಿನವೇ ತಿರುಮಲೇಶ ಗಿರಾಕಿಯನ್ನು ಕರೆದುಕೊಂಡು ಆ ಬಾಗಿಲಲ್ಲಿ ನಿಂತ. ಮನೆ ಮಾರುವ ವಿಚಾರವನ್ನು ಕರಿಬಸಪ್ಪ ತನ್ನ ತಮ್ಮನಿಗೇ ಇನ್ನೂ ಹೇಳಿರಲಿಲ್ಲ. ಜಗಳವಾಯಿತು. ಮಾತು ಹೊರಗೆ ಹಾಕಿದವಳು ಸೊಸೆ ಭವಾನಿ ಎಂದಾಯಿತು. ಮುಂದಿನ ಸಲ ಅಬೇದಾಬಿ ಹೋದಾಗ ಭವಾನಿ ಬಾಗಿಲ ಹಿಂದಿನಿಂದಲೇ, “ನಮಗ ಬಳಿ ಬ್ಯಾಡ, ಹೋಗು” ಎಂದಳು.

ಒಂದು ಬಾಗಿಲು ಮುಚ್ಚಿದರೆ ಓಣಿಯೆಲ್ಲ ಮುಚ್ಚಲು ಎಷ್ಟು ಹೊತ್ತು? ಹಾಗಂತ ಏಜೆಂಟನ ರೊಕ್ಕ ಬಿಡಲೂ ಅವಳು ತಯಾರಿರಲಿಲ್ಲ. ಬುಟ್ಟಿ ಹೊತ್ತು ತಿರುಗಲು ಮೊಣಕಾಲು ಕೇಳುತ್ತಿರಲಿಲ್ಲ. ಒಂದು ಪುಟ್ಟ ಅಂಗಡಿ ಹಾಕಲೇಬೇಕಿತ್ತು. ಬಾಗಿಲೂ ಉಳಿಯಬೇಕು, ರೊಕ್ಕವೂ ಬರಬೇಕು. ಹಾಗಾದರೆ ಮುಚ್ಚಿಟ್ಟು ಮಾಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಶ್ರೀರಾಮನಗರದ ವಿರೂಪಾಕ್ಷಮ್ಮ ಬಳೆ ಇಡಿಸಿಕೊಳ್ಳುತ್ತ ತಮ್ಮ ಪ್ಲಾಟು ಮಾರುವ ಮಾತೆತ್ತಿದಾಗ ಅಬೇದಾಬಿ ಅವಳ ಕೈ ಬಿಟ್ಟು ನೆಟ್ಟಗೆ ಕೂತಳು.

“ಅಕ್ಕಾರ, ನಾ ಒಬ್ಬ ಏಜೆಂಟಗ ಹೇಳ್ಲೇನ್ರಿ? ಹೇಳಿದ್ರ ನನಗೂ ರೊಕ್ಕ ಬರ್ತೈತಿ. ಮೊದ್ಲ ಹೇಳೀನಿ ನೋಡ್ರಿ.”

“ಅಯ್ಯ ಇಕಿನ! ಬಳಿ ಇಡಾಕ ಬಂದೀಯೋ, ಪ್ಲಾಟ್ ಮಾರಾಕೋ?” ವಿರೂಪಾಕ್ಷಮ್ಮ ನಕ್ಕಳು. “ನಮ್ಮವರನ್ನ ಕೇಳ್ತೀನಿ. ಅಲ್ಲೀತನಕ ತುಟಿ ಬಿಚ್ಚಬ್ಯಾಡ.”

ಒಂದು ಪ್ಲಾಟು ಇದೆ, ಮಾಲೀಕರು ಒಪ್ಪಿದ ಮೇಲೆ ಹೇಳುತ್ತೇನೆ ಎಂದಷ್ಟೇ ಅಬೇದಾಬಿ ತಿರುಮಲೇಶನಿಗೆ ತಿಳಿಸಿದಳು. ಅವನಿಗೆ ತಡೆಯಲಾಗಲಿಲ್ಲ.

“ಹೆಸರಷ್ಟು ಹೇಳಬೇ ಅಕ್ಕಾ, ನಿನ್ನ ಪಾಲು ಡಬಲ್ ಮಾಡ್ತೀನಿ. ಬ್ಯಾರೆ ಏಜೆಂಟ ಹೊಡಕೊಂಡು ಹೋಗ್ತಾನ!”

“ಹೋದ್ರ ಹೋಗ್ಲಿ. ಬಳಿಗಂತ ನನ್ನ ಮುಂದ ಕೈ ಚಾಚಿದಾಕಿ ಹೂಂ ಅನ್ನಾತನಕ ಹೆಸರು ಬರೂದಿಲ್ಲ.”

“ಹಿಂಗಾದ್ರ ನೀ ಅಂಗಡಿ ಹಾಕಿದಂಗ ಆತು!”

“ಹಾಕ್ತೀನಿ ನೋಡು. ಮೊದ್ಲ ಗಿರಾಕಿ ನಿನ್ನ ಹೆಂಡ್ತಿ.”

ಕೊನೆಗೆ ವಿರೂಪಾಕ್ಷಮ್ಮನ ಗಂಡ ಒಪ್ಪಿದ ಮೇಲೆಯೇ ಅಬೇದಾಬಿ ಹೆಸರು ಹೇಳಿದಳು. ಪ್ಲಾಟಿನ ನೋಂದಣಿಯಾದ ದಿನ ತಿರುಮಲೇಶ ರೊಕ್ಕ ಕೊಡಲು ಅವಳನ್ನು ಬದಿಗೆ ಕರೆದ. ಅಬೇದಾಬಿ ಹೋಗಲಿಲ್ಲ. “ಎಲ್ಲಾರ ಮುಂದ ಕೊಡು” ಎಂದು ನಿಂತಲ್ಲೇ ನಿಂತು, ವಿರೂಪಾಕ್ಷಮ್ಮನ ಎದುರಿಗೇ ತನ್ನ ಪಾಲು ತೆಗೆದುಕೊಂಡಳು.

ಅಲ್ಲಿಂದ ನೇರವಾಗಿ ಕರಿಬಸಪ್ಪನ ಮನೆಗೆ ನಡೆದಳು. ಭವಾನಿಯ ಅತ್ತೆ ಹೊಸ್ತಿಲಲ್ಲೇ ಕೂತಿದ್ದಳು.

“ಅವತ್ತ ಮಾತು ಹೊರಗ ಹಾಕಿದಾಕಿ ನಾನ್ರಿ. ನಿಮ್ಮ ಸೊಸಿ ಅಲ್ಲ.”

ಅತ್ತೆ ಮುಖ ತಿರುವಿ ಒಳಗೆ ಹೋದಳು. ಭವಾನಿ ಹೊರಗೆ ಬಂದಳು. ಒಳಗೆ ಬಾ ಎನ್ನಲಿಲ್ಲ. ಬಾಗಿಲಾಚೆಯ ಕಟ್ಟೆಯ ಮೇಲೆ ಕೂತು ಕೈ ಮುಂದೆ ಮಾಡಿದಳು.

“ಹಸಿರು ಬಳಿ ಅದಾವೇನು?”

ಅಬೇದಾಬಿ ಬುಟ್ಟಿ ಇಳಿಸಿದಳು. ಇವತ್ತು ಕಟ್ಟೆ. ಪಡಸಾಲೆಗೆ ಇನ್ನೊಂದು ದಿನ ಹೋದರಾಯಿತು.