ಅತ್ತೆಯ ನೇರಳೆ ಹೈಡ್ರಾಂಜಿಯ

ಬೆಳಿಗ್ಗೆ ಗೋಡೌನಿನಲ್ಲಿ ಸುಣ್ಣದ ಚೀಲಗಳನ್ನು ಬಿಚ್ಚಿದರು. ಆ ಘಾಟಿಗೆ ನನಗೆ ಮೂರು ಸೀನು ಬಂದವು, ಹಿಂದೆಯೇ ನಗು. ಸುಣ್ಣಕ್ಕೂ ನಗುವಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ನನ್ನ ಮಾನ ಹೋಗುವ ಕಥೆ ಅದು. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ವಸ್ತಾರೆಯಿಂದ ಗೋಣಿಬೀಡಿನ ಹತ್ತಿರದ ಈ ಎಸ್ಟೇಟಿಗೆ ಸೊಸೆಯಾಗಿ ಬಂದೆ. ಮನೆ ಮೆಟ್ಟಿಲಿನ ಎರಡೂ ಬದಿಗೆ ಹೈಡ್ರಾಂಜಿಯ ಪೊದೆಗಳು. ಒಂದೊಂದು ಗೊಂಚಲೂ ಹೂಕೋಸಿನಷ್ಟು ದಪ್ಪ, ಕಡು ನೇರಳೆ. ಅತ್ತೆ ತಮ್ಮ ಮದುವೆಯಾದ ವರ್ಷ ಪಕ್ಕದ ಎಸ್ಟೇಟಿನ ಬಂಗಲೆಯಿಂದ ಒಂದು ಕಡ್ಡಿ ಕದ್ದು ತಂದು ನೆಟ್ಟಿದ್ದಂತೆ. ಕದ್ದದ್ದು ಎಂಬುದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಬಂದ ಮೊದಲ ದಿನವೇ, ಮಾತಾಡಲು ಬೇರೇನೂ ತೋಚದೆ, "ನಮ್ಮನೇಲಿ ಇದು ಗುಲಾಬಿ ಬಣ್ಣ ಬಿಡುತ್ತೆ" ಎಂದೆ. ಅತ್ತೆ "ಹೌದಾ?" ಎಂದರು.

ವಸ್ತಾರೆಯಲ್ಲಿ ಗುಲಾಬಿ ಬಣ್ಣ ಯಾಕೆಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮಮ್ಮ ವರ್ಷಕ್ಕೊಮ್ಮೆ ಕಾಂಪೌಂಡಿಗೆ ಸುಣ್ಣ ಬಳಿಸಿ, ಉಳಿದದ್ದನ್ನು ಬಕೆಟ್ಟು ತೊಳೆದು ಆ ಗಿಡದ ಬುಡಕ್ಕೇ ಚೆಲ್ಲುತ್ತಿದ್ದಳು. ನಾನೋ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಪಾಸೂ ಆಗಿದ್ದೆ.

ಆ ವರ್ಷ ಮಳೆ ಬಿಟ್ಟ ಮೇಲೆ ಕಾಫಿಗೆ ಸುಣ್ಣ ಹಾಕಿಸಿದರು. ನಮ್ಮ ಕಡೆ ಮಣ್ಣು ಹುಳಿ, ಅದನ್ನು ಮುರಿಯಲು ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ ಬೇಕೇಬೇಕು. ತೋಟದ ಲೆಕ್ಕ ನೋಡುವ ರೈಟರು, "ಸುಣ್ಣ ಬಿದ್ರೆ ಗಿಡ ಕಳೆ ಕಳೆ ಅಂತವೆ ಸಣ್ಣಮ್ಮೋರೆ" ಎಂದರು. ಕಾಫಿ ಕಳೆ ಕಳೆಯಾಗುವುದಾದರೆ ಅತ್ತೆಯ ಹೂವಿನ ಗಿಡ ಏನು ಪಾಪ ಮಾಡಿತ್ತು? ಹೊಸ ಸೊಸೆಯ ಉತ್ಸಾಹದಲ್ಲಿ ಒಂದು ಬುಟ್ಟಿ ಸುಣ್ಣ ತಂದು ಪೊದೆಗಳ ಬುಡಕ್ಕೆ ಸುರಿದೆ. ಮುಂದಿನ ಮುಂಗಾರಿಗೆ ಹೂವೆಲ್ಲ ಗುಲಾಬಿ. ಹುಳಿ ಮಣ್ಣಿನಲ್ಲಿ ನೇರಳೆ, ಸುಣ್ಣ ಬಿದ್ದರೆ ಗುಲಾಬಿ, ಅದು ಆ ಗಿಡದ ಗುಣ.

ಅತ್ತೆ ಮೆಟ್ಟಿಲ ಮೇಲೆ ನಿಂತು ತುಂಬಾ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಬೈದಿದ್ದರೆ ಒಂದು ಥರ ನೆಮ್ಮದಿಯಾಗುತ್ತಿತ್ತು. ಬಂದ ಮನೆಯಲ್ಲಿ ಅವರು ತಮ್ಮ ಕೈಯಾರೆ ಬೆಳೆಸಿದ್ದ ಒಂದೇ ಒಂದನ್ನು ನಾನು ಹಾಳು ಮಾಡಿದ್ದೆ. ಹೇಳಲು ಧೈರ್ಯವಾಗಲಿಲ್ಲ, ಹೇಗಾದರೂ ಮಾಡಿ ನೇರಳೆ ವಾಪಸು ತರಬೇಕಿತ್ತು.

ವಾರಪತ್ರಿಕೆಯೊಂದರಲ್ಲಿ ದಾರಿ ಸಿಕ್ಕಿತು: ಮಣ್ಣಿಗೆ ಮತ್ತೆ ಹುಳಿ ಬರಲು ಪಟಿಕದ ನೀರು ಹಾಕಿ. ಮಳೆಗಾಲದ ಕೆಂಪು ನೀರು ತಿಳಿಯಾಗಲೆಂದು ಮನೆಯಲ್ಲಿ ಪಟಿಕ ಇದ್ದೇ ಇರುತ್ತಿತ್ತು. ಅತ್ತೆ ಮಧ್ಯಾಹ್ನ ಮಲಗಿದಾಗ ಅದನ್ನು ಕುಟ್ಟಿ, ಕರಗಿಸಿ, ಕಳ್ಳಬೆಕ್ಕಿನ ಹಾಗೆ ಹೋಗಿ ಹಾಕಿ ಬರುತ್ತಿದ್ದೆ. ಎರಡು ವರ್ಷ ಹಾಕಿದೆ. ಗಿಡಕ್ಕೆ ತಲೆ ಕೆಟ್ಟುಹೋಯಿತು. ಒಂದು ಗೊಂಚಲು ನೇರಳೆ, ಪಕ್ಕದ್ದು ಗುಲಾಬಿ, ಮತ್ತೊಂದು ತೊಳೆದ ಹಳೇ ಸೀರೆಯ ಬಣ್ಣ. ನೋಡಲು ಬಂದ ಹೆಂಗಸರು "ಇದ್ಯಾವ ಜಾತೀದು?" ಎಂದು ಕಡ್ಡಿ ಕೇಳಿಕೊಂಡು ಹೋದರು.

ಒಂದು ದಿನ ಮೂಡಿಗೆರೆಗೆಂದು ಹೊರಟವಳು ಬಸ್ಸು ತಪ್ಪಿ ವಾಪಸು ಬಂದೆ. ಅತ್ತೆ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಸೆರಗೆಲ್ಲ ಬಿಳಿ.

"ಅತ್ತೆ, ಏನ್ ಹಾಕ್ತಿದೀರಿ?"

"ಸುಣ್ಣ ಕಣೆ. ಎರಡು ವರ್ಷದಿಂದ ಹಾಕ್ತಾನೇ ಇದೀನಿ, ಈ ಹಾಳು ಗಿಡ ಪೂರ್ತಿ ಗುಲಾಬಿ ಆಗ್ತಾನೇ ಇಲ್ಲ."

"ಗುಲಾಬಿ ಯಾಕೆ ಆಗ್ಬೇಕು?"

"ನಿಂಗಿಷ್ಟ ಅಲ್ವಾ? ಬುಟ್ಟಿ ತಂದು ಸುರಿದಿದ್ದನ್ನ ಅಡುಗೆಮನೆ ಕಿಟಕೀಲಿ ನೋಡಿದ್ದೆ. ಪಾಪ, ಅಮ್ಮನ ಮನೆ ನೆನಪಾಗಿದೆ, ಕೇಳೋಕೆ ಸಂಕೋಚ ಅಂದ್ಕೊಂಡೆ. ನೇರಳೆ ನಾನು ಇಪ್ಪತ್ತೈದು ವರ್ಷ ನೋಡಿದೀನಿ, ಬಿಡು ಮಾರಾಯ್ತಿ."

ನನಗೆ ಅಳು ಬಂತು. ಅಳುತ್ತಲೇ ಸುಣ್ಣ ಹಾಕಿದ್ದು ಗೊಬ್ಬರವೆಂದು, ಆಮೇಲೆ ಹಾಕಿದ್ದು ಪಟಿಕ ಎಂದು ಎಲ್ಲ ಒಪ್ಪಿಸಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಟಿಕ ಖಾಲಿ ಆಗ್ತಿದ್ದಿದ್ದು ಇದಕ್ಕಾ? ನಾನು ಆ ರೈಟರ್ ಮೇಲೆ ಅನುಮಾನ ಪಟ್ಟಿದ್ನಲ್ಲೇ" ಎಂದರು. ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ಮಧ್ಯಾಹ್ನ ಇನ್ನೊಂದಿಲ್ಲ.

ಅಂದಿನಿಂದ ಇಬ್ಬರೂ ಕೈಬಿಟ್ಟೆವು. ಎರಡು ಮಳೆಗಾಲ ಕಳೆಯುವುದರೊಳಗೆ ಮಣ್ಣು ತನ್ನ ಕೆಲಸ ತಾನು ಮಾಡಿಕೊಂಡು ಪೊದೆಗಳೆಲ್ಲ ಮತ್ತೆ ಕಡು ನೇರಳೆಯಾದವು.

ಮೊನ್ನೆ ವಸ್ತಾರೆಗೆ ಹೋಗಿದ್ದೆ. ಅಮ್ಮ ಕಾಂಪೌಂಡಿನ ಬಳಿ ಕರೆದೊಯ್ದು, "ನೋಡೇ, ಈ ಸಲ ಎಷ್ಟು ಬಿಟ್ಟಿದೆ" ಎಂದಳು. ಗುಲಾಬಿ ಗೊಂಚಲುಗಳು. ಚೆನ್ನಾಗಿಯೇ ಇದ್ದವು. ಆದರೂ ಯಾರದೋ ಮನೆಯ ಹೂ ನೋಡಿದ ಹಾಗಾಯಿತು. "ಚೆನ್ನಾಗಿದೆ. ಆದ್ರೆ ನಮ್ಮನೇದು ನೇರಳೆ" ಎಂದುಬಿಟ್ಟೆ. ಅಮ್ಮ ನನ್ನ ಮುಖ ನೋಡಿ, "ಹಂಗಾದ್ರೆ ನಿಮ್ಮನೇದೊಂದು ಕಡ್ಡಿ ತಂದ್ಕೊಡು" ಎಂದಳು.

ಬಂದು ಅತ್ತೆಗೆ ಎಲ್ಲ ಹೇಳಿ, ಈಗ ಕಡ್ಡಿ ಕತ್ತರಿಸುತ್ತಿದ್ದೇನೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಯಾವುದನ್ನು ಕತ್ತರಿಸಬೇಕೆಂದು ಕೋಲಿನಲ್ಲಿ ತೋರಿಸುತ್ತಿದ್ದಾರೆ. "ಅಲ್ಲಿ ನೆಟ್ರೆ ಇದೂ ಗುಲಾಬಿ ಆಗುತ್ತೆ ಅತ್ತೆ" ಎಂದೆ.

"ಆಗ್ಲಿ ಬಿಡೆ. ಹೋದ ಮನೆ ಬಣ್ಣ ಹಿಡಿಯೋಕೆ ಅದಕ್ಕೆ ಒಂದು ಮಳೆಗಾಲ ಸಾಕು. ನಿಂಗೇ ಮೂವತ್ತು ವರ್ಷ ಬೇಕಾಯ್ತು."