ಬೊಟ್ಟಿನ ಕೆಳಗಿನ ಬ್ರೌಸರ್

ಗೆಳೆಯರೇ, ಕಂಪ್ಯೂಟರಿಗೂ ಆಯುಧಪೂಜೆ ಮಾಡುವವರು ಕುಂಕುಮ ಎಲ್ಲಿಡಬೇಕೆಂದು ಮೊದಲೇ ಯೋಚಿಸಿ.

ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ ಅಪ್ಪ ಪರದೆಗೆ ಇಟ್ಟ ಬೊಟ್ಟು ಸರಿಯಾಗಿ ಬ್ರೌಸರಿನ ಚಿತ್ರದ ಮೇಲೆ ಕೂತಿತ್ತು. ಅಂದಿನಿಂದ ಅವರು ಬೊಟ್ಟು ನೋಡಿಕೊಂಡೇ ಒತ್ತುವುದು. ಇವತ್ತು ಬೆಳಿಗ್ಗೆ ಕಂಪ್ಯೂಟರ್ ಯಾರನ್ನೂ ಕೇಳದೆ ಅಪ್‌ಗ್ರೇಡ್ ಆಗಿ, ಚಿತ್ರಗಳನ್ನೆಲ್ಲ ಕದಲಿಸಿ, ಬೊಟ್ಟಿನ ಕೆಳಗೆ ತನ್ನದೇ ಹೊಸ ಬ್ರೌಸರನ್ನು ಕೂರಿಸಿಬಿಟ್ಟಿದೆ. ಅದರಲ್ಲಿ ಕೊಬ್ಬರಿ ಟೆಂಡರಿನ ಪುಟ ತೆರೆಯುವುದೇ ಇಲ್ಲ. ಟೆಂಡರ್ ಮುಗಿಯಲು ಎರಡೇ ಗಂಟೆ.

"ಅಪ್ಪಾ, ಹಳೇದು ಈಗ ಬಲಗಡೆ ಐತೆ, ಅದನ್ನೇ ಒತ್ತು," ಎಂದೆ.

"ಬೊಟ್ಟಿಲ್ದಿರೋ ಕಡೆ ಒತ್ತಿ ರೇಟ್ ಹಾಕಿದ್ರೆ ಮಾಲು ಸಿಕ್ತದೇನ್ಲಾ?"

"ಹಂಗಾದ್ರೆ ಬೊಟ್ಟು ಒರೆಸಿ ಅಲ್ಲಿಗೆ ಇಡನಾ?"

"ಪೂಜೆ ಕುಂಕುಮ ಒರೆಸ್ತಾರಾ? ಕಂಪ್ಯೂಟರ್ನೇ ವಾಪಸ್ ಹಳೇದ್ ಮಾಡು."

ಒಂದೂವರೆ ಗಂಟೆ ಬೆವರು ಸುರಿಸಿ ಅಪ್‌ಗ್ರೇಡನ್ನು ಹಿಂದಕ್ಕೆ ಕಳಿಸಿದೆ. ಚಿತ್ರಗಳೆಲ್ಲ ಮೊದಲಿನ ಜಾಗಕ್ಕೆ ಬಂದವು. ಮುಖ ತೊಳೆದು ಬರುವಷ್ಟರಲ್ಲಿ ಅಪ್ಪ ಪರದೆಯ ಬಲಗಡೆ ಇನ್ನೊಂದು ಬೊಟ್ಟು ಇಟ್ಟು ಕೈ ಮುಗಿಯುತ್ತಿದ್ದರು.

"ನಿನ್ ಮಾತೂ ಉಳೀಲಿ ಬುಡು ಅಂತ ಅಲ್ಲೂ ಒಂದು ಇಟ್ಟೆ ಕಣಪ್ಪ."

ಆ ಬೊಟ್ಟಿನ ಕೆಳಗೆ ಈಗ ಇರುವುದು ಕಸದ ಬುಟ್ಟಿ. ಅದನ್ನೂ ಒರೆಸುವಂತಿಲ್ಲ.

ಟೆಂಡರ್ ಹೇಗೋ ಹಾಕಿದೆವು. ಬ್ರೌಸರಿನ ಚಿತ್ರವನ್ನೇ ಎಳೆದು ಬೊಟ್ಟಿನ ಕೆಳಗೆ ಇಟ್ಟಿದ್ದರೆ ಸಾಕಿತ್ತಲ್ಲ ಎಂದು ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ. ಮೌಸ್ ಮುಟ್ಟಿಯೇ ಗೊತ್ತಿಲ್ಲದ ನಮ್ಮವ್ವ ಅದನ್ನು ಆಗಲೇ ಹೇಳಿಯಾಗಿದೆ.