ಬಿಟ್ಟಿ ಹಂಚಿದ ಹನ್ನೆರಡು ಪುಟ

ಹೊಳವನಹಳ್ಳಿ ಬಸ್ ಸ್ಟಾಪಿನ ಎದುರಿನ ಟೀ ಅಂಗಡಿಗೆ ನಾನು ಹೋದದ್ದು ಒಂದು ಶನಿವಾರ. ಹನ್ನೊಂದೂವರೆ ಇರಬೇಕು, ಗಡಿಯಾರ ನೋಡಿದ ನೆನಪಿಲ್ಲ. ಅಂಗಡಿಯಾಕೆ ನನ್ನ ಮುಖ ನೋಡದೆ, ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. ಲೋಟ ತೊಳೆಯುತ್ತಿದ್ದವರು ಹಾಗೇ ನಿಂತುಬಿಟ್ಟರು.

ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಮೊದಲು ಹೇಳಬೇಕು.

ನಾನು ಮಧುಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಎರಡು ವರ್ಷ ಕೂತು ಒಂದು ಕಥೆಯಾಟದ ಪುಸ್ತಕ ಬರೆದೆ. ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನನ್ನ ಆಟ ನಡೆಯುವುದು ಚನ್ನರಾಯನದುರ್ಗದ ಬೆಟ್ಟದ ಮೇಲೆ, ಹಳೆಯ ಕೋಟೆಯಲ್ಲಿ. ಅಚ್ಚು ಹಾಕಿದ್ದು ನಮ್ಮ ಭಾವ, ಅಕ್ಕನ ಗಂಡ. ಲಗ್ನಪತ್ರಿಕೆ, ಬಿಲ್ ಬುಕ್ಕು ಮಾಡುವ ಸಣ್ಣ ಪ್ರೆಸ್ಸು ಅವರದು.

ಪುಸ್ತಕ ಬಂದ ಎರಡನೇ ತಿಂಗಳಲ್ಲಿ ಶಿರಾದಲ್ಲಿ ಅದರ ಪೂರ್ತಿ ಜೆರಾಕ್ಸ್ ಪ್ರತಿಯೊಂದು ಕಣ್ಣಿಗೆ ಬಿತ್ತು. ಸ್ಪೈರಲ್ ಬೈಂಡಿಂಗು, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮದಕ್ಕಿಂತ ಗಟ್ಟಿಯಾಗಿತ್ತು. ಭಾವ ಕುದಿದುಹೋದರು. ನಾನು ಮಾತ್ರ, ಮೊದಲೊಂದಷ್ಟು ಪುಟಗಳನ್ನು ನಾವೇ ಬಿಟ್ಟಿ ಕೊಟ್ಟರೆ ಕದಿಯುವ ಚಪಲ ಕಡಿಮೆಯಾಗಬಹುದು, ರುಚಿ ಹತ್ತಿದವರು ಉಳಿದದ್ದನ್ನು ಕೊಂಡುಕೊಳ್ಳಬಹುದು ಎಂದೆ. ಅದು ನಿಜವೇ ಎಂದು ತಿಳಿಯುವ ಕುತೂಹಲವೂ ಇತ್ತು.

ಹನ್ನೆರಡು ಪುಟದ ಪುಸ್ತಿಕೆ ಮಾಡಿದೆವು. ಒಬ್ಬರೇ ಕೂತು ಆಡಿ ನೋಡುವಂಥದ್ದು. ಪಾತ್ರದ ಹೆಸರು ಬರೆದುಕೊಂಡು ಬೆಟ್ಟ ಹತ್ತುತ್ತಾ ಹೋಗಬೇಕು. ದಾಳ ಇಲ್ಲದವರು ಒಂದರಿಂದ ಆರರವರೆಗೆ ಚೀಟಿ ಬರೆದು ಎತ್ತಬಹುದು. ಕೋಟೆ ಬಾಗಿಲ ಬಳಿ ಏನಾದರೊಂದು ಕೆಟ್ಟದ್ದಾಗುತ್ತದೆ. ಅಲ್ಲಿಗೆ ಪುಟ ಮುಗಿಯುತ್ತದೆ. ಬೇಕೆಂದೇ ಹಾಗೆ ನಿಲ್ಲಿಸಿದ್ದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡು ಸಾಲು: ‘ಇದನ್ನು ಐದು ಜನಕ್ಕೆ ತಲುಪಿಸಿ. ತಡಮಾಡಬೇಡಿ.’ ಮಧುಗಿರಿ, ಕೊರಟಗೆರೆ ಬಸ್ ಸ್ಟ್ಯಾಂಡುಗಳಲ್ಲಿ ಹಂಚಿದೆವು.

ಮೂರು ತಿಂಗಳಾದರೂ ಒಂದು ಪುಸ್ತಕವೂ ಹೆಚ್ಚಿಗೆ ಹೋಗಲಿಲ್ಲ. ಆದರೆ ಪುಸ್ತಿಕೆ ಮಾತ್ರ ನಾವು ಕೊಡದ ಊರುಗಳಲ್ಲೂ ಇತ್ತು. ಪಾವಗಡದ ಕಡೆಯ ವಳ್ಳೂರಿನಿಂದ ನಮ್ಮ ಶಾಲೆಯ ಕ್ಲರ್ಕು ಒಂದು ತಂದುಕೊಟ್ಟರು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಮಸುಕು. ಸಾಲುಗಳ ನಡುವೆ ಯಾರೋ ಪೆನ್ಸಿಲಿನಲ್ಲಿ ತೆಲುಗು ಅರ್ಥ ಬರೆದಿದ್ದರು. ಕದಿಯಬಾರದೆಂದು ಬಿಟ್ಟಿ ಕೊಟ್ಟದ್ದನ್ನೇ ಜನ ಕಾಸು ಕೊಟ್ಟು ನಕಲು ಮಾಡಿಸುತ್ತಿದ್ದರು. ಯಾಕೆ?

ಕೊರಟಗೆರೆಯ ಜೆರಾಕ್ಸ್ ಅಂಗಡಿಯವನನ್ನು ಕೇಳಿದೆ. ಅವನು ನಕ್ಕ.

“ಅಯ್ಯೋ, ನಿಮ್ದಾ ಸಾರ್ ಇದು? ನಾನು ಯಾವ್ದೋ ದೇವ್ರ ಕರಪತ್ರ ಅಂದ್ಕಂಡಿದ್ದೆ. ಬಂದೋರೆಲ್ಲ ಐದೈದೇ ಮಾಡುಸ್ಕಂಡು ಹೋಗ್ತಾರೆ. ಒಬ್ರೂ ನಾಕು ಅನ್ನಲ್ಲ, ಆರು ಅನ್ನಲ್ಲ.”

ಆಗ ಹೊಳೆಯಿತು. ನಮ್ಮ ಕಡೆ ಅಂಥ ಕರಪತ್ರಗಳು ಎಷ್ಟೋ ಕಾಲದಿಂದ ಓಡಾಡುತ್ತಿವೆ. ದೇವರ ಪವಾಡ ಬರೆದು, ಇಷ್ಟು ಪ್ರತಿ ಹಂಚಿದವರಿಗೆ ಒಳ್ಳೆಯದಾಯಿತು, ಹರಿದು ಹಾಕಿದವರಿಗೆ ಹೀಗಾಯಿತು ಎಂದು ಕೊನೆಯಲ್ಲಿರುತ್ತದೆ. ಚಿಕ್ಕವನಿದ್ದಾಗ ನಾನೂ ಕೈಯಲ್ಲಿ ನಕಲು ಬರೆದು ಹಂಚಿದ್ದೇನೆ. ಆದರೂ ಆ ಎರಡು ಸಾಲು ಬರೆಯುವಾಗ ಅದು ನೆನಪಾಗಿರಲಿಲ್ಲ.

“ಹೊಳವನಳ್ಳಿ ಟೀ ಅಂಗ್ಡಿ ಅಮ್ಮ ಒಬ್ರು ಎರಡು ಸಲ ಬಂದಿದ್ರು ಸಾರ್,” ಎಂದ ಅವನು. “ಐದು ಪ್ರತಿ ಮಾಡುಸ್ದೆ ಬುಟ್ಬುಟ್ಟಿದ್ರಂತೆ. ಇದರ ಮುಂದಿನ ಪುಟ ಎಲ್ಲೈತೆ ಅಂತ ಕೇಳ್ತಾ ಅತ್ತೇಬುಟ್ರು.”

ಹೀಗೆ ಆ ಶನಿವಾರ ಅಲ್ಲಿಗೆ ಹೋಗಿದ್ದು. ನಾನು ಯಾರೆಂದು ಹೇಳಿದೆ. ಅದು ದೇವರ ಕರಪತ್ರವಲ್ಲ, ಬರೀ ಆಟ, ಬರೆದವನು ನಾನೇ ಎಂದೆ. ಆಕೆ ಬಿಸ್ಕತ್ತಿನ ಡಬ್ಬಿಗಳ ಹಿಂದಿನಿಂದ ಪುಸ್ತಿಕೆ ತೆಗೆದು ನನ್ನ ಮುಂದೆ ಹಿಡಿದರು. ಪಾತ್ರದ ಹೆಸರು ಎಂಬಲ್ಲಿ ದುಂಡಗೆ ‘ಯಜಮಾನರು’ ಎಂದು ಬರೆದಿತ್ತು.

“ಬಸ್ಸಿಲ್ಲದ ಹೊತ್ತಿನಾಗೆ ಒಬ್ಳೇ ಆಡ್ದೆ ಮೇಷ್ಟ್ರೇ. ಯಾರ ಹೆಸರು ಬರೀಲಿ, ಅವ್ರದ್ದೇ ಬರೆದೆ. ಚೀಟಿ ಎತ್ತಿದ್ರೆ ಎರಡು ಬಂತು. ಓದಿ ನೋಡಿ, ಎರಡಕ್ಕೆ ಏನ್ ಬರೆದಿದ್ದೀರಿ ನೀವು.”

ನನಗೆ ಓದಬೇಕಿರಲಿಲ್ಲ. ‘ಮೆಟ್ಟಿಲು ಜಾರಿತು. ಕಾಲು ಮುರಿಯಿತು. ಬಾಗಿಲು ಮುಚ್ಚಿತು.’

“ಎಂಟು ದಿನಕ್ಕೆ ಇವ್ರು ಗಾಡಿಯಿಂದ ಬಿದ್ರು. ಕಾಲೇ ಮುರೀತು.”

ಅಂಗಡಿಯ ಒಳಗೆ ಕುರ್ಚಿಯಲ್ಲಿ ಗಂಡ ಕೂತಿದ್ದರು. ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರು, ಅದನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. “ಲೇ, ಗಾಡಿ ಬ್ರೇಕು ಸವೆದೋಗಿತ್ತು ಕಣೇ,” ಎಂದರು. ಆಮೇಲೆ ನನಗೆ, “ಎರಡು ತಿಂಗ್ಳಾಯ್ತು ಸಾರ್, ನಾನು ಇಲ್ಲಿ ಕೂತಿದ್ರೂ ಇವಳ ಪಾಲಿಗೆ ದುರ್ಗದ ಬಾಗ್ಲಾಗೇ ಬಿದ್ದಿದ್ದೀನಿ. ರಾತ್ರಿ ನಿದ್ದೆ ಮಾಡಲ್ಲ, ಹಗಲು ಹಾಲು ಉಕ್ಕುಸ್ತಾಳೆ.”

“ನೀವ್ ಸುಮ್ಕಿರಿ. ಕಾಲು ಇನ್ನೂ ಕೂಡ್ಕಂಡಿಲ್ಲ ಅಂತ ಡಾಕ್ಟ್ರೇ ಅಂದಿಲ್ವಾ?” ಆಕೆ ನನ್ನ ಕಡೆ ತಿರುಗಿದರು. “ಅಲ್ಲಿಂದ ಅವ್ರನ್ನ ಎಬ್ಬುಸ್ಬೇಕು ಮೇಷ್ಟ್ರೇ. ಮುಂದಿನ ಪುಟ ಕೊಡಿ.”

ಕಾಕತಾಳೀಯ ಎಂದು ವಿವರಿಸಲು ಬಾಯಿ ತೆರೆದೆ. ಆಕೆ ಸೋಪು ಹತ್ತಿದ ಕೈಯನ್ನು ಆಗಲೇ ಪುಸ್ತಕದ ಕಡೆ ಚಾಚಿದ್ದರು. ಸುಮ್ಮನೆ ಪುಸ್ತಕವನ್ನು ಮುಂದಿಟ್ಟು, ಇದು ನಿಮಗೇ, ದುಡ್ಡು ಬೇಡ ಎಂದೆ. ಆಕೆ ಒಪ್ಪಲಿಲ್ಲ.

“ಬಿಟ್ಟಿ ಬಂದಿದ್ದಕ್ಕೇ ಇಷ್ಟಾಯ್ತು. ಇದನ್ನ ಕಾಸು ಕೊಟ್ಟೇ ತಗಳ್ಳೋದು.”

ಪುಸ್ತಿಕೆಯಿಂದಾಗಿ ಮಾರಾಟವಾಯಿತೆಂದು ನಾನು ಖಚಿತವಾಗಿ ಹೇಳಬಲ್ಲ ಪುಸ್ತಕ ಅದೊಂದೇ.

ನಲವತ್ತನೇ ಪುಟ ತೆಗೆದು ಗಟ್ಟಿಯಾಗಿ ಓದಿದೆ. ಮುಚ್ಚಿದ ಬಾಗಿಲು ತೆರೆಯಲು ಕನಿಷ್ಠ ಏಳು ಬೇಕು. ಒಬ್ಬರು ಎತ್ತುವ ಚೀಟಿಯಲ್ಲಿ ಆರಕ್ಕಿಂತ ಹೆಚ್ಚು ಬರುವುದಿಲ್ಲ. ಆದರೆ ಜೊತೆಗಾರರು ಹೆಗಲು ಕೊಡಬಹುದು, ಆಗ ಎಲ್ಲರ ಸಂಖ್ಯೆಯನ್ನೂ ಕೂಡಿಸಬೇಕು. ಓದುತ್ತಿದ್ದಂತೆ ನೆನಪಾಯಿತು. ಈ ನಿಯಮ ಹನ್ನೆರಡು ಪುಟದೊಳಗೆ ಇರಲಿಲ್ಲ. ಒಬ್ಬರೇ ಆಡಿದವರು ಎಷ್ಟು ಸಲ ಎತ್ತಿದರೂ ಆಚೆ ಬರಲಾಗದು. ಜನ ಕೊಳ್ಳಲೆಂದು ನಾನೇ ಅದನ್ನು ತೆಗೆದು ಹಿಂದಕ್ಕೆ ಇಟ್ಟಿದ್ದೆ.

ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಅದೇ ಆರು ಚೀಟಿಗಳಿದ್ದವು. ಆಕೆ ಡಬ್ಬಿಯನ್ನು ಗಂಡನ ಮುಂದೆ ಹಿಡಿದರು.

“ಆಗ್ಲಿ, ನನ್ನ ಕಾಲು ನಾನೇ ಎತ್ತುತೀನಿ,” ಎಂದು ಅವರು ತೆಗೆದರು. ಮೂರು. ಚೀಟಿ ಮಡಿಸಿ ಮತ್ತೆ ಹಾಕಿದೆವು.

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಪುಸ್ತಿಕೆಯಲ್ಲಿ ‘ಯಜಮಾನರು’ ಎಂಬುದರ ಕೆಳಗೆ ತನ್ನ ಹೆಸರು ಬರೆದರು. ಎತ್ತಿದರು. ಎರಡು.

ಮತ್ತೆ ಎರಡೇ ಬಂದಿತ್ತು. ಒಟ್ಟು ಐದು. ಕಥೆ ಹೇಳುವವನು ನಾನು, ಬಾಗಿಲು ತೆರೆಯಿತೆಂದು ಹೇಳಿಬಿಡಬಹುದಿತ್ತು. ಆದರೆ ನಿಯಮವನ್ನು ಆಗತಾನೇ ಓದಿದ್ದೆ, ಆಕೆಯೂ ಕೇಳಿದ್ದರು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು.

“ಏನ್ ಸಾರ್, ಬಾಗ್ಲಾಗೆ ಬುಟ್ಬುಟ್ಟು ಮೇಲ್ನಿಂತು ನೋಡ್ತಾ ಇದ್ದೀರಾ?” ಎಂದರು ಗಂಡ. “ಬನ್ನಿ, ಕೈ ಹಾಕಿ ನೀವೂ.”

ಕಥೆ ಹೇಳುವವನು ಹೆಗಲು ಕೊಡಬಾರದೆಂದು ನಾನು ಎಲ್ಲೂ ಬರೆದಿಲ್ಲ. ಒಂದು ಬಂದರೆ ಸಾಲದು ಎಂದು ಎಣಿಸಿಕೊಂಡೇ ಕೈ ಹಾಕಿದೆ. ತೆಗೆದ ಚೀಟಿಯನ್ನು ಆಕೆಯ ಮುಂದೆ ಹಿಡಿದೆ. ಆಕೆಯೇ ಇಸಿದುಕೊಂಡು ಬಿಡಿಸಿದರು.

ನಾಲ್ಕು.

“ಎದ್ರು,” ಎಂದರು ಆಕೆ. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಸ್ಟೋವ್ ಹಚ್ಚಿ ಮೂರು ಲೋಟ ಟೀ ಮಾಡಿದರು. ಹಾಲು ಉಕ್ಕಲಿಲ್ಲ, ಗಂಡ ಅದನ್ನು ಕಣ್ಣಲ್ಲೇ ನನಗೆ ತೋರಿಸಿದರು. ಕಾಲು ಆಮೇಲೆ ಕೂಡಿಕೊಂಡಿತು. ಅದು ಡಾಕ್ಟರ ಕೆಲಸ, ನನ್ನ ಪುಸ್ತಕದ್ದಲ್ಲ.

ಸಂಜೆ ಪ್ರೆಸ್ಸಿಗೆ ಹೋಗಿ, ಐದು ಜನದ ಸಾಲು ತೆಗೆಯಬೇಕು, ನಲವತ್ತನೇ ಪುಟವನ್ನು ಬಿಟ್ಟಿ ಪುಸ್ತಿಕೆಗೆ ಸೇರಿಸಬೇಕು ಎಂದೆ.

“ಅದನ್ನೂ ಕೊಟ್ಬುಟ್ರೆ ಪುಸ್ತಕ ಯಾರು ಕೊಂಡ್ಕತಾರಯ್ಯ?” ಎಂದರು ಭಾವ.

“ಗೊತ್ತಿಲ್ಲ ಭಾವ. ನೋಡನ.”

ಅವರು ಹಳೆಯ ಪುಸ್ತಿಕೆ ತೆಗೆದು ಪುಟ ಎಣಿಸಿದರು. “ಹದಿಮೂರು ಪುಟ ಆಗಲ್ಲ. ಹಾಳೆ ಮಡಿಸಿದ್ರೆ ನಾಕು ನಾಕೇ ಪುಟ ಬರೋದು. ಹದಿನಾರು ಮಾಡ್ಬೇಕು. ಇನ್ನು ಮೂರು ಪುಟಕ್ಕೆ ಏನ್ ಹಾಕ್ತೀಯ?”

“ಜೊತೆಗಾರರ ಹೆಸರು ಬರ್ಕಳಕ್ಕೆ ಖಾಲಿ ಬುಡಿ.”

“ಖಾಲಿ ಪುಟಕ್ಕೂ ಕಾಗದ ಬೇಕು ಕಣಯ್ಯಾ,” ಎಂದರು. ಆದರೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಳೆಯ ಪುಸ್ತಿಕೆಯ ಮೇಲೆ ಹದಿನಾರು ಎಂದು ಬರೆದರು.